ಮೊದಲು ತೂತು, ಆಮೇಲೆ ಹಾಯಿ

ಫೆಬ್ರುವರಿಯ ಬೆಳಗು. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಸೀಮೆಯಲ್ಲಿ, ಆರ್ವೆಲ್ ನದಿಯ ದಂಡೆಯ ಒಂದು ದೋಣಿ ಯಾರ್ಡು. ಇಳಿತ ಪೂರ್ತಿಯಾಗಿದೆ. ನೀರೆಲ್ಲ ನಡುಗಾಲುವೆಗೆ ಸರಿದು ಎರಡೂ ಬದಿಗೆ ಕಂದುಬಣ್ಣದ ಕೆಸರು ಹೊಳೆಯುತ್ತಿದೆ. ಚಳಿಗಾಲಕ್ಕೆಂದು ಮೇಲೆತ್ತಿಟ್ಟ ದೋಣಿಗಳು ಜಲ್ಲಿ ಹಾಸಿದ ಅಂಗಳದಲ್ಲಿ ಸಾಲುಸಾಲಾಗಿ ನಿಂತಿವೆ. ಗಾಳಿಗೆ ಹಗ್ಗಗಳು ಅಲ್ಯೂಮಿನಿಯಂ ಹಾಯಿಕಂಬಗಳಿಗೆ, ಅಂದರೆ ಮಾಸ್ಟುಗಳಿಗೆ, ಬಡಿದು ಇಡೀ ಯಾರ್ಡು ಟಿಣ್ ಟಿಣ್ ಎನ್ನುತ್ತಿದೆ.

ಭಾವ ಮುಂದೆ, ನಾನು ಹಿಂದೆ. ಅಕ್ಕನ ಗಂಡ ಅವರು. ಹೊನ್ನಾವರದಲ್ಲಿ ಶರಾವತಿಯ ಅಳಿವೆ ನೋಡುತ್ತ ಬೆಳೆದವರು, ಕೆಲಸಕ್ಕೆಂದು ಇಪ್ಸ್‌ವಿಚ್‌ಗೆ ಬಂದು ಇಲ್ಲೇ ನೆಲೆಯಾದವರು. ಸಾಲಿನ ಕೊನೆಗೆ, ಮುಳ್ಳುಬೇಲಿಗೆ ಒತ್ತಿಕೊಂಡು ನಿಂತ ದೋಣಿಯೊಂದರತ್ತ ಅವರ ಕೈ ಹೋಯಿತು.

"ಅಗೋ, ಅದೇ. ಹತ್ತಿರ ಹೋಗಿ ಮೊದಲು ಅಡಿಗೆ ಬಗ್ಗಿ ನೋಡು. ಮೇಲೆ ಹತ್ತುವುದು ಆಮೇಲೆ."

ಬಗ್ಗಿದೆ. ಅಕ್ಕಪಕ್ಕದ ದೋಣಿಗಳಿಗೆಲ್ಲ ಸುತ್ತಲೂ ಕಬ್ಬಿಣದ ಆಸರೆ ಕೊಟ್ಟಿದ್ದಾರೆ, ಇದಕ್ಕೆ ಏನೂ ಇಲ್ಲ. ತಳದಲ್ಲಿ ಎಡಕ್ಕೊಂದು ಬಲಕ್ಕೊಂದು, ತುಸು ಹೊರಚಾಚಿದ ಎರಡು ಕೀಲ್‌ಗಳು. ದೋಣಿ ಮಗುಚದಂತೆ ಭಾರ ಕೊಡುವುದೂ ಗಾಳಿಗೆ ಅಡ್ಡಡ್ಡ ಜಾರದಂತೆ ನೀರು ಹಿಡಿಯುವುದೂ ಅವುಗಳ ಕೆಲಸ. ಎರಡಿರುವುದರಿಂದ ನೆಲದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಇಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಮೂರೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ. ಒಂದೇ ಕೀಲಿನ ದೋಣಿ ಕೆಸರಿನಲ್ಲಿ ಸಿಕ್ಕಿಕೊಂಡರೆ ಮಗ್ಗುಲಿಗೆ ಮಲಗಿಬಿಡುತ್ತದೆ. ಇದು ಕೂತು, ಮುಂದಿನ ಉಬ್ಬರಕ್ಕೆ ತಾನಾಗಿ ಎದ್ದು ತೇಲುತ್ತದೆ. ಮರೀನಾ ಎಂಬ ದೋಣಿ ನಿಲ್ದಾಣದ ಬಾಡಿಗೆ ಕೊಡಲಾಗದವರು ಯಾವುದಾದರೂ ಕೆಸರು ಕೊರಕಲಿನಲ್ಲಿ ಅಗ್ಗಕ್ಕೆ ಕಟ್ಟಿಕೊಂಡು ಬದುಕಬಹುದು.

ವೆಸ್ಟರ್ಲಿ ಸೆಂಟಾರ್ ಎಂದು ಈ ಮಾದರಿಯ ಹೆಸರು. ಉದ್ದ 26 ಅಡಿ, ಅಗಲ ಸುಮಾರು ಎಂಟೂವರೆ ಅಡಿ, ತೂಕ ಮೂರು ಟನ್ನಿನ ಆಸುಪಾಸು. ತೇಲಲು ಮೂರು ಅಡಿ ನೀರಿದ್ದರೆ ಸಾಕು. 1969ರಿಂದ 1980ರವರೆಗೆ ಹತ್ತಿರಹತ್ತಿರ 2,500 ದೋಣಿಗಳು ತಯಾರಾದವು. ವೆಸ್ಟರ್ಲಿ ಕಂಪನಿ ಕಟ್ಟಿದ್ದು ಡೆನಿಸ್ ರೇನರ್ ಎಂಬ ನೌಕಾಧಿಕಾರಿ. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟುವ ಸರಕು ಹಡಗುಗಳ ಬೆಂಗಾವಲಿಗಿದ್ದವನು, ಆ ಅನುಭವದಿಂದ ಬರೆದ 'ದಿ ಎನಿಮಿ ಬಿಲೋ' ಕಾದಂಬರಿ 1957ರಲ್ಲಿ ಸಿನಿಮಾ ಆಯಿತು. 1963ರಲ್ಲಿ ವೆಸ್ಟರ್ಲಿ ಶುರು ಮಾಡಿದ, ಸೆಂಟಾರ್ ಬರುವ ಮೊದಲೇ, 1967ರಲ್ಲಿ, ತೀರಿಕೊಂಡ. ಲಾರೆಂಟ್ ಜೈಲ್ಸ್ ಎಂಬ ಹೆಸರಾಂತ ವಿನ್ಯಾಸ ಸಂಸ್ಥೆಯವರು ಇದರ ನಕ್ಷೆ ಬರೆದರು. ಶಾಲಾ ಮಾಸ್ತರರು, ಅಂಚೆ ಕಚೇರಿಯವರು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಾರಾಂತ್ಯಕ್ಕೆ ಸಮುದ್ರಕ್ಕಿಳಿಯಬೇಕು ಎಂದವರು, ಅಂಥವರು ಕೊಂಡ ದೋಣಿ ಇದು. ಅದಕ್ಕೇ ನನಗೆ ಇದರ ಮೇಲೆ ಗೌರವ. ಶ್ರೀಮಂತರ ಆಟವೆಂದುಕೊಂಡಿದ್ದ ಹಾಯಿಯಾನವನ್ನು ಸಂಬಳದವರ ಕೈಗೆ ತಂದುಕೊಟ್ಟಿತು.

ಏಣಿ ಹತ್ತಿ ಬನ್ನಿ. ಹಿಂಬದಿಯ ಕುಳಿಯಂಥ ಕಾಕ್‌ಪಿಟ್‌ಗೆ ಕಾಲಿಟ್ಟು, ಬಾಗಿಲ ಹಲಗೆಗಳನ್ನು ಒಂದೊಂದಾಗಿ ಮೇಲಕ್ಕೆಳೆದು, ಮೂರು ಮೆಟ್ಟಿಲಿಳಿದರೆ ಕ್ಯಾಬಿನ್. ಮೊದಲು ಬಡಿಯುವುದು ವಾಸನೆ: ಡೀಸೆಲ್ಲು, ಮುಗ್ಗಲು, ಒದ್ದೆ ಸ್ಪಂಜು, ಒಂದಿಷ್ಟು ಶೌಚಾಲಯದ ಪೈಪು. ಚಾವಣಿಗೆ ಅಂಟಿಸಿದ್ದ ಬಿಳಿ ವಿನೈಲ್ ಸಡಿಲಗೊಂಡು ಹೊಟ್ಟೆ ಬಿಟ್ಟಿದೆ, ತಲೆ ತಗುಲಿದರೆ ಕಂದು ಪುಡಿ ಉದುರುತ್ತದೆ. ಹಿಂದಿನವರ ಚಹಾ ಡಬ್ಬಿ, 1990ರ ದಶಕದ ನಕ್ಷೆಯೊಂದು, ಮಕ್ಕಳ ಲೈಫ್ ಜಾಕೆಟ್ಟು. ಹೀಗಿರುವ ದೋಣಿ ಕಂಡು ಬಹಳ ಜನ ಮೂಗು ಮುಚ್ಚಿಕೊಂಡು ಏಣಿ ಇಳಿದು ಹೋಗುತ್ತಾರೆ. ಹೋಗಬಾರದು. ಮುಗ್ಗಲು ವಾಸನೆಯನ್ನು ಸೋಪುನೀರಿನಿಂದ ತೊಳೆದು ಕಳೆಯಬಹುದು. ಹೊಸ ಮೆತ್ತೆ, ಹೊಳೆಯುವ ವಾರ್ನಿಷ್, ಗೋಡೆಗೆ ಟಿವಿ ಇರುವ ದೋಣಿಗಳನ್ನೇ ನಾನು ಹೆಚ್ಚು ಅನುಮಾನದಿಂದ ನೋಡುವುದು. ಮಾರುವವನು ದುಡ್ಡನ್ನು ಕಣ್ಣಿಗೆ ಬೀಳುವಲ್ಲಿ ಹಾಕಿದ್ದರೆ, ಕಣ್ಣಿಗೆ ಬೀಳದ ಕಡೆ ಹಾಕಿರಲಿಕ್ಕಿಲ್ಲ.

ಸರ್ವೇಯರ್ ಬಂದ. ಎತ್ತರದ ಆಳು, ಮೊಣಕಾಲಿಗೆ ರಬ್ಬರು ಪಟ್ಟಿ, ಕೈಯಲ್ಲಿ ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆ. ಇಷ್ಟು ಹಳೆಯ ದೋಣಿಗೆ ಸರ್ವೆ ವರದಿಯಿಲ್ಲದೆ ವಿಮೆ ಸಿಗುವುದು ಕಷ್ಟ, ಅವನ ಶುಲ್ಕ ಕೊಳ್ಳುವವರದ್ದೇ. ತಳದ ಒಂದು ತುದಿಯಿಂದ ತಟ್ಟಲು ಶುರುಮಾಡಿದ, ಅಂಗೈ ಅಗಲಕ್ಕೊಂದು ಏಟು. ಹಲಸಿನ ಹಣ್ಣನ್ನು ತಟ್ಟಿ ನೋಡಿದಂತೆಯೇ, ಕಿವಿಯಲ್ಲೇ ತೀರ್ಪು. ಟಕ್ ಟಕ್ ಎಂದರೆ ಪದರಗಳು ಗಟ್ಟಿ, ಡಬ್ ಎಂದರೆ ಒಳಗೆ ಪದರ ಬಿಟ್ಟಿದೆ. ಆಮೇಲೆ ತೇವ ಅಳೆಯುವ ಮೀಟರು. ಫೈಬರ್‌ಗ್ಲಾಸ್ ನೀರು ಹೀರುವುದಿಲ್ಲ ಎಂದು ಒಂದು ಕಾಲದಲ್ಲಿ ಬಹಳ ಜನ ನಂಬಿದ್ದರು. ಹೀರುತ್ತದೆ, ಬಹಳ ನಿಧಾನವಾಗಿ. ಹೊರಗಿನ ಜೆಲ್‌ಕೋಟ್ ದಾಟಿ ಒಳಹೊಕ್ಕ ನೀರು ರೆಸಿನ್‌ನಲ್ಲಿ ಉಳಿದ ರಾಸಾಯನಿಕಗಳ ಜೊತೆ ಸೇರಿ ಗುಳ್ಳೆ ಏಳುತ್ತದೆ, ಒಡೆದರೆ ವಿನಿಗರ್‌ನ ಹುಳಿ ವಾಸನೆ. ನಮ್ಮ ದೋಣಿಯ ಚುಕ್ಕಾಣಿಯ ಹತ್ತಿರ ಅಂಥ ಒಂದಿಷ್ಟು ಗುಳ್ಳೆಗಳು. ಸರ್ವೇಯರ್ ಅವುಗಳಿಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಇದರಿಂದ ಯಾವ ದೋಣಿಯೂ ಮುಳುಗುವುದಿಲ್ಲ, ಇಲ್ಲಿ ಬನ್ನಿ ಎಂದು ಕೀಲಿನ ಹತ್ತಿರ ಕರೆದ.

ಬಲಗಡೆಯ ಕೀಲ್ ದೋಣಿಯ ಮೈಗೆ ಸೇರುವಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರಿಂದ ಇಳಿದ ತುಕ್ಕಿನ ಗೆರೆ. ಸೆಂಟಾರ್‌ಗಳ ಹಳೆಯ ಕಾಯಿಲೆ ಇದು. ಕೆಸರಿನ ಮೇಲೆ ಕೂರುವಾಗ ಮೂರು ಟನ್ ಭಾರ ಆ ಎರಡು ಕೀಲ್‌ಗಳ ಮೇಲೆ ಬೀಳುತ್ತದೆ. ಹೊರಚಾಚಿ ನಿಂತಿರುವುದರಿಂದ ಭಾರ ಬಿದ್ದಾಗೆಲ್ಲ ಅವು ಬೋಲ್ಟುಗಳ ಸುತ್ತಲಿನ ತಳವನ್ನು ಮೀಟುತ್ತವೆ. ದಿನಕ್ಕೆರಡು ಇಳಿತ, ಅಷ್ಟು ವರ್ಷ. ವಾಸಿ ಮಾಡಬಹುದು, ಆದರೆ ಕೆಲಸ ದೊಡ್ಡದು.

ಬೆಲೆ ಅಲ್ಲೇ ಕುಸಿಯಿತು. ಮಾರುವ ಅಜ್ಜ ಆರು ಸಾವಿರ ಪೌಂಡ್ ಹೇಳಿದ್ದ, ನಾಲ್ಕಕ್ಕೆ ಇಳಿದ. ವಯಸ್ಸಾಯಿತು, ಏಣಿ ಹತ್ತಲಾಗುವುದಿಲ್ಲ, ಹಾಳಾಗುವುದನ್ನು ನೋಡಲೂ ಆಗುವುದಿಲ್ಲ ಎಂದ. ಮಾರಾಟದ ಪತ್ರ ನೋಡುವಂಥದ್ದು. ಬ್ರಿಟಿಷ್ ನೋಂದಣಿಯಲ್ಲಿ ಹಡಗಿನ ಒಡೆತನ 64 ಪಾಲು, ಶತಮಾನಗಳ ರೂಢಿ. ಹಾಗಾಗಿ ಇಂಥ ಪುಟ್ಟ ದೋಣಿಯ ಕಾಗದದಲ್ಲೂ 64ರ ಲೆಕ್ಕ ಬಂದು ಕೂತಿದೆ. ಭಾವನಿಗೆ 32, ನನಗೆ 32. ಅಜ್ಜ ರುಜು ಹಾಕಿ, ಎಂಜಿನ್ನಿನ ಕೈಪಿಡಿಯನ್ನೂ ಒಂದು ಕಟ್ಟು ಹಳೆಯ ರಸೀದಿಗಳನ್ನೂ ನನ್ನ ಕೈಗಿಟ್ಟ. ಆ ರಸೀದಿಗಳ ಕಟ್ಟು ಸರ್ವೆ ವರದಿಯಷ್ಟೇ ಉಪಯೋಗದ್ದು. ಯಾವ ವಾಲ್ವ್ ಯಾವಾಗ ಬದಲಾಯಿತು, ಮಾಸ್ಟಿನ ತಂತಿಗಳು ಎಷ್ಟು ಹಳೆಯವು, ಎಲ್ಲ ಅದರಲ್ಲಿದೆ.

"ನೋಡು ಮಾರಾಯಾ," ಭಾವ ಕ್ಯಾಬಿನ್ನಿನ ನೆಲಹಲಗೆ ಎತ್ತುತ್ತ ಹೇಳಿದರು, "ಮೊದಲು ನೀರು ಒಳಗೆ ಬರುವ ತೂತು. ಆಮೇಲೆ ಕೀಲು. ಆಮೇಲೆ ಮಾಸ್ಟು ಹಿಡಿದ ತಂತಿ. ಆಮೇಲೆ ಎಂಜಿನ್ನು. ಹಾಯಿ, ಹಾಸಿಗೆ, ಬಣ್ಣ ಎಲ್ಲ ಕೊನೆಗೆ. ಈ ಸಾಲು ತಪ್ಪಬಾರದು."

"ಅಕ್ಕ ಮೆತ್ತೆ ಬಟ್ಟೆಯ ಬಣ್ಣ ಆಗಲೇ ಆರಿಸಿದ್ದಾಳೆ ಭಾವ."

"ಆರಿಸಲಿ. ಹೊಲಿಯುವುದು ಮೇ ತಿಂಗಳಿಗೆ."

ತೂತುಗಳಿಂದ ಶುರು. ತೇಲುವ ದೋಣಿಯ ತಳಕ್ಕೆ ತೂತುಗಳೇಕೆ ಎಂದರೆ, ಎಂಜಿನ್ ತಂಪಾಗಿಸಲು ಸಮುದ್ರದ ನೀರು ಬರಬೇಕು, ಶೌಚಾಲಯಕ್ಕೆ ನೀರು ಬಂದು ಹೋಗಬೇಕು, ಬಚ್ಚಲಿನದ್ದು, ಕಾಕ್‌ಪಿಟ್ ಮಳೆನೀರಿನದ್ದು ಹೊರಹೋಗಬೇಕು. ಒಂದೊಂದಕ್ಕೂ ಒಂದು ವಾಲ್ವ್, ಅದನ್ನು ಸೀಕಾಕ್ ಎನ್ನುತ್ತಾರೆ. ಟಾರ್ಚ್ ಹಿಡಿದು ಬೆಂಚಿನಡಿಗೆ ತೂರಿ. ಜಾಗ ಇಕ್ಕಟ್ಟು, ಒಂದು ತೋಳು ಒಳಗೆ ಹೋದರೆ ಕಣ್ಣು ಹೊರಗೆ. ಬೆರಳಿಗೆ ಸಿಗುವ ದುಂಡನೆಯ ಹಿಡಿ ತಿರುಗಿಸಿದರೆ ಕಟಕ್ಕೆಂದು ಕಳಚಿ ಕೈಗೇ ಬಂತು. ತೋಟದ ನಲ್ಲಿಗೆ ಹಾಕುವ ಹಿತ್ತಾಳೆಯ ಗೇಟ್ ವಾಲ್ವ್. ಹಿತ್ತಾಳೆಯಲ್ಲಿ ತಾಮ್ರವೂ ಸತುವೂ ಇರುತ್ತವೆ. ಉಪ್ಪುನೀರು ಸತುವನ್ನು ಮೆಲ್ಲಗೆ ತಿಂದು ತಾಮ್ರವನ್ನಷ್ಟೇ ಬಿಡುತ್ತದೆ. ಆಕಾರ ಹಾಗೇ ಇರುತ್ತದೆ, ಬಲ ಇರುವುದಿಲ್ಲ. ಚಾಕುವಿನ ಮೊನೆಯಿಂದ ಹಸಿರು ಕಿಲುಬು ಕೆರೆದು ನೋಡಿ: ಒಳಗೆ ಹಳದಿ ಕಂಡರೆ ಸರಿ. ಇಲ್ಲಿ ತಿಳಿಗೆಂಪು. ಮೊನೆ ಒತ್ತಿದರೆ ಚೂರು ಏಳುತ್ತದೆ.

ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಒಂದೂವರೆ ಇಂಚಿನ ವಾಲ್ವ್ ಮುರಿದರೆ ನಿಮಿಷಕ್ಕೆ ನೂರು ಲೀಟರಿಗಿಂತ ಹೆಚ್ಚು ನೀರು ನುಗ್ಗುತ್ತದೆ. ಕೈಪಂಪಿನವನು ಹೆಚ್ಚು ಹೊತ್ತು ಆ ವೇಗದಲ್ಲಿ ಎತ್ತಿ ಹಾಕಲಾರ. ಬಿರುಗಾಳಿಯೂ ಬೇಡ, ಬಂಡೆಯೂ ಬೇಡ, ಶಾಂತ ಮರೀನಾದಲ್ಲಿ ಕಟ್ಟಿಹಾಕಿದ ದೋಣಿಗಳು ಹೀಗೇ ಮುಳುಗುತ್ತವೆ.

ಹಳೆಯವನ್ನೆಲ್ಲ ಗ್ರೈಂಡರ್‌ನಿಂದ ಕೊಯ್ದು ತೆಗೆದೆವು. ತೂತಿನ ಸುತ್ತ ಒಳಮೈಯನ್ನು ಉಜ್ಜಿ, ಮೆರೈನ್ ಪ್ಲೈವುಡ್ಡಿನ ದುಂಡು ಬಿಲ್ಲೆಯನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಅದರ ಮೇಲೆ ಹೊಸ ಸೀಕಾಕ್. ಭಾವ ಆರಿಸಿದ್ದು ಗಾಜಿನ ಎಳೆ ಬೆರೆಸಿದ ಗಟ್ಟಿ ಪ್ಲಾಸ್ಟಿಕ್‌ನದ್ದು, ಅದಕ್ಕೆ ಉಪ್ಪುನೀರಿನ ಭಯವಿಲ್ಲ. ಕೆಲವರು ಕಂಚನ್ನೇ ನಂಬುತ್ತಾರೆ, ಅದೂ ಒಳ್ಳೆಯದೇ. ಪೈಪಿಗೆ ಎರಡೆರಡು ಕ್ಲಿಪ್. ಪ್ರತಿ ವಾಲ್ವಿನ ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಮೆದುಮರದ ಬಿರಡೆ, ಕತ್ತಲಲ್ಲಿ ನೀರು ನುಗ್ಗಿದರೆ ಹುಡುಕುತ್ತ ಕೂರುವಂತಿಲ್ಲ, ಎಳೆದು ತೂತಿಗೆ ಬಡಿದರಾಯಿತು.

ರಾಬಿನ್ ನಾಕ್ಸ್-ಜಾನ್‌ಸ್ಟನ್ ನೆನಪಾಗುತ್ತಾನೆ. ಬಾಂಬೆಯಲ್ಲಿ ತೇಗದ ಮರದಿಂದ ಕಟ್ಟಿಸಿದ 32 ಅಡಿಯ 'ಸುಹೈಲಿ'ಯಲ್ಲಿ 1968ರ ಜೂನ್‌ನಲ್ಲಿ ಫಾಲ್ಮತ್ ಬಿಟ್ಟು, ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿ 1969ರ ಏಪ್ರಿಲ್‌ನಲ್ಲಿ ಮರಳಿದವನು, ಜಗತ್ತಿನಲ್ಲಿ ಮೊದಲಿಗ. ಹೊರಟ ಸ್ವಲ್ಪ ದಿನಕ್ಕೇ ಕೀಲಿನ ಪಕ್ಕದ ಹಲಗೆಸಂದಿ ಸೋರತೊಡಗಿತು. ನಡುಸಮುದ್ರದಲ್ಲಿ ದೋಣಿಯಡಿಗೆ ಮುಳುಗಿ, ಉಸಿರು ಕಟ್ಟಿದಾಗ ಮೇಲೆ ಬಂದು, ಮತ್ತೆ ಮುಳುಗಿ, ಆ ಸಂದಿಗೆ ಕ್ಯಾನ್ವಾಸ್ ಪಟ್ಟಿ ಜಡಿದು ಮೇಲೆ ತಾಮ್ರದ ತಗಡು ಹೊಡೆದ. ನಾವು ಒಣನೆಲದ ಮೇಲೆ, ಬೆಳಕಿನಲ್ಲಿ, ಚಹಾ ಪಕ್ಕದಲ್ಲಿಟ್ಟುಕೊಂಡು ಮಾಡುತ್ತಿರುವುದೂ ಅದೇ ಕೆಲಸ. ದಡದಲ್ಲಿರುವಾಗಲೇ ಮಾಡಿ ಮುಗಿಸಬೇಕು.

ಈಗ ಕೀಲ್. ಇಡೀ ಮಾರ್ಚ್ ಇದಕ್ಕೇ ಹೋಯಿತು ಎಂದರೂ ಸರಿಯೇ. ಕ್ಯಾಬಿನ್ನಿನ ನೆಲಹಲಗೆಗಳನ್ನೆಲ್ಲ ಎಬ್ಬಿಸಿದರೆ ಕೀಲ್ ಬೋಲ್ಟುಗಳ ತಲೆಗಳು ಕಾಣುತ್ತವೆ. ಬಿಳಿ ಸೂಟು, ಕನ್ನಡಕ, ಮೂತಿಗೆ ಕವಾಟದ ಮಾಸ್ಕು. ಗ್ರೈಂಡರ್ ಹಚ್ಚಿದ ಕೂಡಲೇ ಕ್ಯಾಬಿನ್ ತುಂಬ ಗಾಜಿನ ದೂಳು, ಎದುರಿಗಿನವರು ಕಾಣುವುದಿಲ್ಲ. ಹಳೆಯ ಬಣ್ಣ, ಎಣ್ಣೆ ಜಿಡ್ಡು ಎಲ್ಲ ಹೋಗಿ ಗಾಜಿನೆಳೆಗಳ ನೇಯ್ಗೆ ಹೊಳೆಯುವವರೆಗೆ ಉಜ್ಜಬೇಕು. ಜಿಡ್ಡಿನ ಮೇಲೆ ಎಪಾಕ್ಸಿ ಕೂರುವುದಿಲ್ಲ, ಕೂತಂತೆ ಕಂಡು ಆಮೇಲೆ ಸಿಪ್ಪೆಯಾಗಿ ಏಳುತ್ತದೆ. ಸೂಟು ಎಷ್ಟೇ ಬಿಗಿದುಕೊಂಡರೂ ಮಣಿಕಟ್ಟಿನ ಸಂದಿಯಲ್ಲಿ ದೂಳು ನುಗ್ಗಿ ರಾತ್ರಿಯಿಡೀ ತುರಿಕೆ. ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರು ಚರ್ಮದ ರಂಧ್ರ ಅಗಲಿಸಿ ಎಳೆಗಳನ್ನು ಇನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ಯಾರ್ಡಿನವರ ಮಾತು.

ಚಳಿ ಇನ್ನೊಂದು ತೊಡಕು. ಹತ್ತು ಡಿಗ್ರಿಗಿಂತ ಕೆಳಗೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬಾಗಿಲಿಗೆ ಕಂಬಳಿ ಕಟ್ಟಿ, ಒಳಗೆ ಫ್ಯಾನ್ ಹೀಟರ್ ಇಟ್ಟು, ತಳ ಕೈಗೆ ಬೆಚ್ಚಗೆ ಹತ್ತುವವರೆಗೆ ಕಾದೆವು. ರೆಸಿನ್ ಒಂದು ಲೋಟ, ಹಾರ್ಡ್‌ನರ್ ಅಳತೆಗೆ ತಕ್ಕಷ್ಟು. ಭಾವ ಕಲಸಿದರು, ನಾನು ಗಾಜುಬಟ್ಟೆ ಹಾಸಿ ಬ್ರಷ್‌ನಿಂದ ಅದ್ದುತ್ತ ಹೋದೆ. ಒಣಬಟ್ಟೆ ಬೆಳ್ಳಗಿರುತ್ತದೆ, ರೆಸಿನ್ ಕುಡಿದಾಗ ಪಾರದರ್ಶಕವಾಗಿ ಅಡಿಯ ತಳ ಕಾಣುತ್ತದೆ. ಎಲ್ಲಿ ಬೆಳ್ಳಗೆ ಉಳಿಯಿತೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಹಲ್ಲಿನ ರೋಲರ್ ಉರುಳಿಸಿ ಅದನ್ನು ಅಂಚಿಗೆ ಓಡಿಸಬೇಕು. ಒಂದರ ಮೇಲೊಂದು, ಪ್ರತಿ ಪದರವೂ ಕೆಳಗಿನದಕ್ಕಿಂತ ತುಸು ಅಗಲ, ಭಾರ ಒಂದೇ ಗೆರೆಯಲ್ಲಿ ನಿಲ್ಲದೆ ಹರಡಲಿ ಎಂದು. ಎಡ ಕೀಲಿನಿಂದ ಬಲ ಕೀಲಿನವರೆಗೆ ಅಡ್ಡ ತೊಲೆಗಳನ್ನು ಕೂರಿಸಿ ಅವುಗಳನ್ನೂ ಗಾಜುಬಟ್ಟೆಯಲ್ಲಿ ಸುತ್ತಿದೆವು. ಇನ್ನು ಒಂದು ಕೀಲ್ ಮೀಟಿದರೆ ಇಡೀ ತಳ ಸೇರಿ ತಡೆಯುತ್ತದೆ. ಬೋಲ್ಟುಗಳನ್ನು ಒಂದೊಂದಾಗಿ ಎಳೆದು ಹೊಸವನ್ನು ಹಾಕಿ, ಅಡಿಗೆ ದಪ್ಪ ಸ್ಟೀಲ್ ಪ್ಲೇಟು ಕೊಟ್ಟೆವು.

"ಲೋಟದಲ್ಲಿ ಜಾಸ್ತಿ ಕಲಸಬೇಡಿ ಭಾವ, ಬಿಸಿಯಾಗ್ತಿದೆ."

"ಗೊತ್ತಾಯ್ತು. ತಟ್ಟೆ ಕೊಡು, ಅಗಲಕ್ಕೆ ಸುರೀತೆ."

ರಾಶಿಯಾಗಿ ಕಲಸಿದ ಎಪಾಕ್ಸಿ ತನ್ನ ಶಾಖಕ್ಕೆ ತಾನೇ ಕುದಿದು ಹೊಗೆಯಾಡುತ್ತದೆ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಕೆಲಸಕ್ಕೆ ಸಮಯ ಸಿಗುತ್ತದೆ.

ಅದೇ ವಾರ ಬೇಲಿಯ ಆಚೆ ಬದಿಯಲ್ಲಿ ಒಂದು ದೋಣಿಯನ್ನು ಕೊಯ್ದರು. ಮಾಲೀಕ ಬಾಡಿಗೆ ಕಟ್ಟದೆ ಕಾಣೆಯಾಗಿದ್ದ. ಜೆಸಿಬಿಯ ಹಲ್ಲು ಒಂದು ಬಾರಿ ಇಳಿದರೆ ಕ್ಯಾಬಿನ್ ಚಪ್ಪಟೆ. ಕಿಟಕಿ, ಅಡುಗೆ ಒಲೆ, ಮಕ್ಕಳ ಮಂಚದ ಹಲಗೆ ಎಲ್ಲ ಕಸದ ತೊಟ್ಟಿಗೆ. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ಕರಗಿಸಿ ಮತ್ತೆ ಅಚ್ಚು ಹಾಕಲೂ ಬರುವುದಿಲ್ಲ. ಹೆಚ್ಚಿನದೆಲ್ಲ ನೆಲದಡಿ ಹೂಳುವುದೇ. ಫ್ರಾನ್ಸಿನಲ್ಲಿ 2019ರಿಂದ ಇಂಥ ಹಳೆಯ ದೋಣಿಗಳನ್ನು ಹಣ ಕೇಳದೆ ಬಿಚ್ಚಿ ವಿಲೇವಾರಿ ಮಾಡುವ ವ್ಯವಸ್ಥೆಯಿದೆ, ಹೊಸ ದೋಣಿಗಳ ತಯಾರಕರು ಅದಕ್ಕೆ ದುಡ್ಡು ತುಂಬುತ್ತಾರೆ. ಇಲ್ಲಿ ಯಾರ್ಡಿನವನ ತಲೆಯ ಮೇಲೆ. 1970ರ ದಶಕದಲ್ಲಿ ಕೈಬಿಚ್ಚಿ ದಪ್ಪಕ್ಕೆ ಕಟ್ಟಿದ ಮೈಗಳು ಇವು, ಇನ್ನೂ ಹಲವು ದಶಕ ತೇಲುತ್ತವೆ. ಕೆಲವು ತಿಂಗಳ ದುಡಿಮೆ ಹಾಕುವ ಕೈ ಸಿಕ್ಕದ್ದರಿಂದ ಜೆಸಿಬಿಗೆ ಹೋಗುತ್ತಿವೆ. ಆ ದಿನ ನನಗೆ ಹೊಟ್ಟೆ ಉರಿಯಿತು. ಭಾವ ಹೋಗಿ ಯಾರ್ಡಿನವನನ್ನು ಕೇಳಿ, ಕೊಯ್ಯುವ ಮೊದಲು ಅದರಿಂದ ಹಗ್ಗ ಕಟ್ಟುವ ಎರಡು ಕಂಚಿನ ಕ್ಲೀಟುಗಳನ್ನೂ ಒಂದು ಒಳ್ಳೆಯ ಲಂಗರನ್ನೂ ಬಿಚ್ಚಿ ತಂದಿದ್ದರು.

ಚಾವಣಿಯ ವಿನೈಲ್ ಕಿತ್ತದ್ದು ಒಂದೇ ಏಟಿಗೆ. ಅದರ ಹಿಂದಿದ್ದ ಸ್ಪಂಜು ಪುಡಿಪುಡಿ, ತಂತಿ ಬ್ರಷ್‌ನಿಂದ ಕೆರೆದು, ತೆಳು ಪ್ಲೈವುಡ್ ಹಲಗೆಗಳನ್ನು ಸ್ಕ್ರೂ ಹಾಕಿ ಕೂರಿಸಿದೆವು, ನಾಳೆ ಬೋಲ್ಟ್ ಸೋರಿದರೆ ಬಿಚ್ಚಿ ನೋಡಲು ಬರಬೇಕು. ಕಿಟಕಿಗಳನ್ನು ಚೌಕಟ್ಟು ಸಮೇತ ತೆಗೆದು ನೀರು ತಡೆಯುವ ಅಂಟು ಬ್ಯುಟೈಲ್ ಪಟ್ಟಿಯ ಮೇಲೆ ಮತ್ತೆ ಕೂರಿಸಿದೆವು, ಬಲಗಡೆಯ ಮುಂದಿನದೊಂದನ್ನು ಬಿಟ್ಟು; ಅದು ಚೆನ್ನಾಗಿಯೇ ಇದ್ದಂತೆ ಕಂಡಿತು.

ತಂತಿಗಳ ಸರದಿ. ಕ್ರೇನಿನಿಂದ ಮಾಸ್ಟ್ ಇಳಿಸಿ ಸ್ಟ್ಯಾಂಡುಗಳ ಮೇಲೆ ಅಡ್ಡ ಮಲಗಿಸಿದ್ದಾರೆ. ಹತ್ತೊಂಬತ್ತು ಸ್ಟೇನ್‌ಲೆಸ್ ಎಳೆ ಹೊಸೆದ ತಂತಿ, ಮುಂದಕ್ಕೆ, ಹಿಂದಕ್ಕೆ, ಎರಡೂ ಪಕ್ಕಕ್ಕೆ ಎಳೆದು ಮಾಸ್ಟನ್ನು ನಿಲ್ಲಿಸುವುದು ಅದೇ. ಒಂದು ಹತ್ತಿ ಚಿಂದಿಯನ್ನು ತಂತಿಯುದ್ದಕ್ಕೂ ಎಳೆಯಿರಿ. ಎಲ್ಲಿ ದಾರ ಸಿಕ್ಕಿಕೊಂಡಿತೋ ಅಲ್ಲಿ ಒಂದು ಎಳೆ ಮುರಿದಿದೆ. ಆಮೇಲೆ ತುದಿಗೆ ಒತ್ತಿ ಕೂರಿಸಿದ ಸ್ಟೀಲ್ ಕೊಳವೆಗಳನ್ನು ಭೂತಗನ್ನಡಿಯಲ್ಲಿ ನೋಡಿ: ನೀರು ನಿಲ್ಲುವುದು ಅಲ್ಲಿ, ಸೀಳುವುದೂ ಅಲ್ಲಿ. ನಮ್ಮದರಲ್ಲಿ ಚಿಂದಿ ಸಿಕ್ಕಲಿಲ್ಲ, ಆದರೆ ಎಡ ಪಕ್ಕದ ಕೆಳತುದಿಯಲ್ಲಿ ಉದ್ದಕ್ಕೆ ಒಂದು ಕಂದು ಸೀಳು. ಅಜ್ಜನ ರಸೀದಿಯ ಪ್ರಕಾರ ತಂತಿಗೆ ಇಪ್ಪತ್ತು ವರ್ಷ ದಾಟಿದೆ. ಹತ್ತು ವರ್ಷಕ್ಕೆ ಬದಲಿಸಿ ಎನ್ನುತ್ತವೆ ಹಲವು ವಿಮಾ ಕಂಪನಿಗಳು. ಎಲ್ಲವನ್ನೂ ಬದಲಿಸಿದೆವು, ಹಡಗುಕಟ್ಟೆಯಲ್ಲಿ ಹಾಕಿದ ದುಡ್ಡಿನಲ್ಲಿ ನನಗೆ ಒಂಚೂರೂ ಬೇಸರವಿಲ್ಲದ್ದು ಇದು. 2018ರಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ, ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ, 'ತುರಿಯ' ದೋಣಿಯ ಮಾಸ್ಟ್ ಮುರಿದು, ಬೆನ್ನಿಗೆ ಏಟಾಗಿ ಮಲಗಿದ್ದರು. ಮುಂದಿನ ಸ್ಪರ್ಧೆಗೆ 36 ಅಡಿಯ ರಸ್ಲರ್ ದೋಣಿಯಲ್ಲಿ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಅವರು ಹೋದ ಸಮುದ್ರಕ್ಕೂ ನಮ್ಮ ಅಳಿವೆಗೂ ಹೋಲಿಕೆಯಿಲ್ಲ, ತಂತಿ ಮಾಡುವ ಕೆಲಸ ಮಾತ್ರ ಒಂದೇ.

ಎಂಜಿನ್ ಎರಡು ಸಿಲಿಂಡರಿನ ಹಳೆಯ ವೋಲ್ವೋ ಪೆಂಟಾ ಡೀಸೆಲ್. ಹೊಸದು ಹಾಕಿಸಿದರೆ ದೋಣಿಯ ಬೆಲೆಗಿಂತ ಹೆಚ್ಚು ಖರ್ಚು, ಆ ಮಾತು ಎತ್ತಲಿಲ್ಲ. ಇಂಧನದ ಟ್ಯಾಂಕು ಬಿಚ್ಚಿದರೆ ತಳದಲ್ಲಿ ಕಪ್ಪು ಲೋಳೆ. ಡೀಸೆಲ್ಲಿಗೆ ನೀರು ಸೇರಿದಾಗ ಅವೆರಡರ ನಡುವೆ ಬೆಳೆಯುವ ಸೂಕ್ಷ್ಮಜೀವಿಗಳು ಅವು. ಅಲೆಗೆ ದೋಣಿ ಕುಲುಕಿದಾಗ ಎದ್ದು ಫಿಲ್ಟರಿಗೆ ಕಟ್ಟಿಕೊಳ್ಳುತ್ತವೆ, ಅಂದರೆ ಎಂಜಿನ್ ಬೇಕೇಬೇಕಾದ ಹೊತ್ತಿನಲ್ಲೇ ನಿಲ್ಲುತ್ತದೆ. ಟ್ಯಾಂಕು ತೊಳೆದೆವು, ಫಿಲ್ಟರುಗಳು ಹೊಸವು, ನೀರೆತ್ತುವ ಪಂಪಿನ ರಬ್ಬರು ಚಕ್ರ ಹೊಸದು. ಹೊಗೆ ಹೋಗುವ ಮೊಣಕೈ ಪೈಪಿನಲ್ಲಿ ಮಸಿ ಗಟ್ಟಿಯಾಗಿ ಬೆರಳು ತೂರುವಷ್ಟೇ ಜಾಗ ಉಳಿದಿತ್ತು, ಅದನ್ನೂ ಬದಲಿಸಿದೆವು. ಅಡುಗೆ ಅನಿಲದ ಪೈಪೂ ಹೊಸದೇ. ಅನಿಲ ಗಾಳಿಗಿಂತ ಭಾರ, ಸೋರಿದರೆ ಹೊರಗೆ ಹೋಗದೆ ತಳಕ್ಕಿಳಿದು ನಿಲ್ಲುತ್ತದೆ. ಒಂದು ಕಿಡಿ ಸಾಕು.

ಏಪ್ರಿಲ್ ಕೊನೆ. ತಳಕ್ಕೆ ತಾಮ್ರ ಬೆರೆತ ಕೆಂಪು ಬಣ್ಣ, ಚಿಪ್ಪು ಪಾಚಿ ಹಿಡಿಯದಂತೆ. ತಳದ ಸತುವಿನ ತುಂಡಿಗೆ ಮಾತ್ರ ಬಣ್ಣ ತಾಗಬಾರದು. ಲೋಹಗಳ ಬದಲಿಗೆ ಸವೆಯಲೆಂದೇ ಅದನ್ನು ಕೊಟ್ಟಿರುವುದು, ಬಣ್ಣ ಬಳಿದರೆ ಸವೆಯುವುದು ಪ್ರೊಪೆಲ್ಲರ್.

ಉಬ್ಬರದ ನೆತ್ತಿಗೆ ಹೊತ್ತಿಟ್ಟು ಹಾಯ್ಸ್ಟ್ ಬಂತು. ನಾಲ್ಕು ಚಕ್ರದ ಮೇಲೆ ನಡೆದಾಡುವ ನೀಲಿ ಚೌಕಟ್ಟು, ಎರಡು ಅಗಲ ಪಟ್ಟಿ. ದೋಣಿಯನ್ನು ಪಟ್ಟಿಯಲ್ಲಿ ಎತ್ತಿ, ಕಟ್ಟೆಯಂಚಿಗೆ ಒಯ್ದು, ನೀರಿಗಿಳಿಸಿ ಅಲ್ಲೇ ತೂಗು ಹಾಕಿದ ಚಾಲಕ. ಹೋಗಿ ನೋಡಿ ಬನ್ನಿ ಎಂದು ಕೈಸನ್ನೆ. ಒಳಗಿಳಿದು ಹಲಗೆ ಎತ್ತಿ, ಸೀಕಾಕ್‌ಗಳ ಸುತ್ತ ಒಣ ಟಿಶ್ಯೂ ಒತ್ತಿದೆ. ಒಣಗೇ ಉಳಿಯಿತು. ಕೀಲ್ ಬೋಲ್ಟುಗಳ ಸುತ್ತ, ಅಲ್ಲೂ ಒಣ. ಪ್ರೊಪೆಲ್ಲರ್ ಕಂಬಿ ಹೊರಹೋಗುವಲ್ಲಿ ಮಾತ್ರ ಸಣ್ಣ ಧಾರೆ.

"ಭಾವ, ಇಲ್ಲಿ ಬರ್ತಾ ಉಂಟು!"

"ಧಾರೆಯೋ ಹನಿಯೋ?"

"ಧಾರೆ."

"ನಟ್ಟು ಕಾಲು ಸುತ್ತು ಬಿಗಿ ಮಾಡು. ಪೂರ್ತಿ ನಿಲ್ಲಿಸಬೇಡ, ಹನಿ ಬೀಳ್ತಾ ಇರಲಿ. ಒಣಗಿದರೆ ಕಂಬಿ ಸುಡ್ತದೆ."

ಹಗ್ಗ ನೇಯ್ದ ಪ್ಯಾಕಿಂಗ್‌ನ ನಡುವೆ ತಿರುಗುವ ಕಂಬಿಗೆ ಆ ಹನಿಯೇ ತಂಪು. ಬಿಗಿದೆ. ಧಾರೆ ಹನಿಯಾಯಿತು. ಚಾಲಕನಿಗೆ ಹೆಬ್ಬೆರಳು ತೋರಿಸಿದೆ, ಪಟ್ಟಿಗಳು ಸಡಿಲವಾದವು.

ಮೊದಲ ಹಾಯಿ ಕಟ್ಟಿದ್ದು ಮುಂದಿನ ಶನಿವಾರ. ಇಳಿತದ ಜೊತೆ ಕೆಳಕ್ಕೆ. ಬಲಕ್ಕೆ ಪಿನ್ ಮಿಲ್ ಎಂಬ ಹಳ್ಳಿ, ಹಳೆಯ ಬಾರ್ಜುಗಳು ಕೆಸರಿನಲ್ಲಿ ಕೂತಿವೆ. ಆರ್ಥರ್ ರಾನ್ಸಮ್‌ನ 1937ರ ಕಾದಂಬರಿಯ ಮಕ್ಕಳು ಇಲ್ಲಿಂದಲೇ ಹೊರಟು, ಮಂಜಿನಲ್ಲಿ ಲಂಗರು ಜಾರಿ, ತಾವಾಗಿ ಬಯಸದೆ ಹಾಲೆಂಡ್ ಮುಟ್ಟುತ್ತಾರೆ. ನದಿ ಅಗಲವಾಗುತ್ತ ಹೋಗಿ ಎಡಕ್ಕೆ ಫೆಲಿಕ್ಸ್‌ಸ್ಟೋವಿನ ಕ್ರೇನುಗಳು, ಬ್ರಿಟನ್ನಿನ ಅತಿದೊಡ್ಡ ಕಂಟೇನರ್ ಬಂದರು. ಬಲಕ್ಕೆ ಹಾರ್ವಿಚ್. ದೊಡ್ಡ ಹಡಗುಗಳಿಗೆ ತೋಡಿದ ಆಳಗಾಲುವೆಯಿಂದ ನಾವು ದೂರವಿರಬೇಕು, ಬೋಯಾಗಳ ಹೊರಗೆ ಸಣ್ಣ ದೋಣಿಗಳಿಗೇ ಹಾದಿ ಗುರುತಿಸಿದ್ದಾರೆ. ಎಂಜಿನ್ ಆರಿಸಿದೆ. ಗಾಳಿ ನೈರುತ್ಯದಿಂದ, ಹದವಾಗಿದೆ. ಹಾಯಿ ತುಂಬಿ ದೋಣಿ ಎಡಕ್ಕೆ ವಾಲಿತು, ಅಡಿಯಲ್ಲಿ ನೀರಿನ ಸದ್ದು ಶುರುವಾಯಿತು. ನಾನು ಬೋಲ್ಟುಗಳ ಹತ್ತಿರ ಕಿವಿಗೊಟ್ಟೆ. ಕಿರುಗುಟ್ಟಲಿಲ್ಲ.

ಭಾವ ಅದಾಗಲೇ ಗಾಳಿಮರೆಯ ಪಕ್ಕದ ತಂತಿಯನ್ನು ಕೈಯಲ್ಲಿ ಅಲ್ಲಾಡಿಸುತ್ತಿದ್ದಾರೆ. ಹೊಸ ತಂತಿ ಮೊದಲ ಸಲ ಭಾರ ಹೊತ್ತಾಗ ಹಿಗ್ಗುತ್ತದೆ, ಮರೆಯ ಕಡೆಯದು ಜೋತುಬಿದ್ದಿದೆ. ದೋಣಿ ತಿರುಗಿಸಿ ಗಾಳಿಯನ್ನು ಇನ್ನೊಂದು ಮಗ್ಗುಲಿಗೆ ತಂದೆ. ಸಡಿಲವಾದ ಕಡೆ ಅವರು ಸ್ಪಾನರ್ ಹಾಕಿ ಅರ್ಧ ಸುತ್ತು ಬಿಗಿದರು. ಮತ್ತೆ ತಿರುಗಿಸಿದೆ, ಈ ಕಡೆ ಅರ್ಧ ಸುತ್ತು. ಒಂದು ಕಡೆ ಹೆಚ್ಚಾದರೆ ಮಾಸ್ಟ್ ಸೊಟ್ಟಗಾಗುತ್ತದೆ, ಎಣಿಸಿಯೇ ಮಾಡಬೇಕು. ನಾನು ಮಾಸ್ಟಿನ ಬುಡಕ್ಕೆ ಕೆನ್ನೆಯಿಟ್ಟು, ಹಿಂಬದಿಯ ತೋಡಿನುದ್ದಕ್ಕೂ ಮೇಲಕ್ಕೆ ನೋಡಿದೆ. ನೆಟ್ಟಗಿದೆ.

"ಇನ್ನರ್ಧ ಸುತ್ತು ಹಾಕುವಾ?"

"ಬೇಡ, ಎರಡೂ ಕಡೆ ಸಮ ಬಂತು. ಪಿನ್ನು ಕೊಡು." ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳದಂತೆ ಪಿನ್ನು ತೂರಿಸಿ, ತುದಿ ಮಡಚಿ, ಹಾಯಿ ಹರಿಯದಂತೆ ಮೇಲೆ ಟೇಪು ಸುತ್ತಿದರು. ಆಮೇಲೆ ಕ್ಯಾಬಿನ್ನಿಗೆ ತಲೆ ಹಾಕಿ ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, ಬಲಗಡೆಯ ಬೆಂಚಿನ ಮೇಲೆ ಕೈಯಾಡಿಸಿದರು. ಬೆರಳು ಒದ್ದೆ.

"ತಿರುಗಿಸು, ಉಬ್ಬರ ಶುರುವಾಯ್ತು. ಆ ಮುಂದಿನ ಕಿಟಕಿ ಒಸರ್ತಾ ಉಂಟು, ನಾಳೆ ಬಿಚ್ಚುವಾ. ಬ್ಯುಟೈಲ್ ಪಟ್ಟಿ ಎಷ್ಟು ಉಳಿದಿದೆ?"

"ಒಂದು ಸುರುಳಿ ಇದೆ ಭಾವ."

"ಸಾಕು."